ಧಾರವಾಡದ ಶಿಲೆಗಳಿಗೆ ಹೆಸರಿಟ್ಟವರು: ರಾಬರ್ಟ್ ಬ್ರೂಸ್ ಫೂಟ್

ಕನ್ನಡ ಎಂ.ಎ. ತರಗತಿಯಲ್ಲಿ ಓದಿ ಬಂದವರಿಗೆ ಕಿಟ್ಟೆಲ್, ರೈಸ್, ಫ್ಲೀಟ್ ಎಂಬ ಹೆಸರುಗಳು ಮನೆಯ ಹಿರಿಯರ ಹೆಸರುಗಳಷ್ಟೇ ಪರಿಚಿತವಾಗಿರುತ್ತವೆ. ಒಬ್ಬರು ನಮ್ಮ ನುಡಿಗೆ ನಿಘಂಟನ್ನು ಕಟ್ಟಿಕೊಟ್ಟರು. ಉಳಿದಿಬ್ಬರು ಕಲ್ಲಿನ ಮೇಲಿನ ಬರಹವನ್ನು ಓದಿ ನಾಡಿನ ಚರಿತ್ರೆಗೆ ಒಂದು ಕಾಲಾನುಕ್ರಮವನ್ನು ತಂದುಕೊಟ್ಟರು. ಅದೇ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಅದೇ ಬೆಳಗಾವಿ, ಧಾರವಾಡ, ಬಳ್ಳಾರಿ ಸೀಮೆಗಳಲ್ಲಿ ಡೇರೆ ಹೊತ್ತು ತಿರುಗುತ್ತಿದ್ದ ಇನ್ನೊಬ್ಬ ಅಧಿಕಾರಿಯ ಹೆಸರು ನಮ್ಮ ಪಠ್ಯಗಳಲ್ಲಿ ಎಲ್ಲಿಯೂ ಬರುವುದಿಲ್ಲ. ಅವರು ಶಾಸನ ಕೊರೆಯದ ಬರಿಯ ಕಲ್ಲನ್ನೇ ಓದಿದವರು. ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರು. ಭೂಗರ್ಭಶಾಸ್ತ್ರದ ವಿದ್ಯಾರ್ಥಿಗಳು ಅವರನ್ನು ಬಲ್ಲರು, ಪ್ರಾಕ್ತನಶಾಸ್ತ್ರದ ವಿದ್ಯಾರ್ಥಿಗಳು ಅವರನ್ನು ಭಾರತದ ಪ್ರಾಗಿತಿಹಾಸದ ಪಿತಾಮಹರೆಂದು ಗೌರವಿಸುತ್ತಾರೆ. ಸಾಹಿತ್ಯದ ವಾಚಕರಿಗೆ ಮಾತ್ರ ಅವರು ಅಪರಿಚಿತರಾಗಿಯೇ ಉಳಿದಿದ್ದಾರೆ. ಕನ್ನಡದ ಊರಿನ ಹೆಸರೊಂದನ್ನು ಜಗತ್ತಿನ ಭೂಚರಿತ್ರೆಯ ಗ್ರಂಥಗಳಲ್ಲಿ ನಿಲ್ಲಿಸಿದವರ ವಿಷಯದಲ್ಲಿ ಇದು ಸಲ್ಲದ ಮರೆವೆಂದು ನನಗೆ ತೋರುತ್ತದೆ.

ಫೂಟರು 1834ರ ಸೆಪ್ಟೆಂಬರ್ ತಿಂಗಳಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ ಜನಿಸಿದರು. 1858ರ ಡಿಸೆಂಬರಿನಲ್ಲಿ, ಇಪ್ಪತ್ನಾಲ್ಕರ ವಯಸ್ಸಿನಲ್ಲಿ, ಭಾರತದ ಭೂಗರ್ಭ ಸರ್ವೆ ಇಲಾಖೆಯನ್ನು ಸೇರಿದರು. ಆ ಇಲಾಖೆ ಆಗಿನ್ನೂ ಎಳೆಯದು. 1851ರಲ್ಲಿ ಥಾಮಸ್ ಓಲ್ಡ್‌ಹ್ಯಾಮ್ ಅವರ ನಾಯಕತ್ವದಲ್ಲಿ ಆರಂಭವಾದದ್ದು. ಸರ್ಕಾರಕ್ಕೆ ಬೇಕಾಗಿದ್ದದ್ದು ಮುಖ್ಯವಾಗಿ ಕಲ್ಲಿದ್ದಲು. ಆದರೆ ಕಲ್ಲಿದ್ದಲು ಎಲ್ಲಿದೆಯೆಂದು ಹೇಳಬೇಕಾದರೆ ನೆಲದ ಪದರಗಳ ಹಿರಿಕಿರಿತನ ಮೊದಲು ತಿಳಿಯಬೇಕಷ್ಟೆ. ಹೀಗೆ ಲಾಭದ ಲೆಕ್ಕಾಚಾರದಿಂದ ಹುಟ್ಟಿದ ಇಲಾಖೆ ಜ್ಞಾನದ ಇಲಾಖೆಯೂ ಆಯಿತು. ತರುಣ ಫೂಟರನ್ನು ಮದರಾಸು ಪ್ರಾಂತಕ್ಕೆ ನೇಮಿಸಲಾಯಿತು. ಚಳಿಗಾಲದ ತಿಂಗಳುಗಳಲ್ಲಿ ಡೇರೆ, ಎತ್ತಿನ ಗಾಡಿ, ಕುದುರೆ, ಸುತ್ತಿಗೆ, ನಕಾಶೆಗಳೊಡನೆ ಸಂಚಾರ; ಬಿಸಿಲೇರಿದ ಮೇಲೆ ಕೇಂದ್ರಕ್ಕೆ ಮರಳಿ ವರದಿಯ ರಚನೆ. ಮೂವತ್ತಮೂರು ವರ್ಷಗಳ ಕಾಲ ಅವರ ಬಾಳು ಈ ಎರಡು ಋತುಗಳ ನಡುವೆ ಸಾಗಿತು. ಮದರಾಸಿನಲ್ಲಿ ಅವರು ವಿವಾಹವಾದದ್ದು ಪೀಟರ್ ಪರ್ಸಿವಲ್ ಎಂಬ ಪಾದ್ರಿಯ ಮಗಳನ್ನು. ಈ ಪರ್ಸಿವಲ್ ಜಾಫ್ನಾದಲ್ಲಿ ಆರುಮುಗ ನಾವಲರ ನೆರವಿನಿಂದ ಬೈಬಲ್ಲಿನ ತಮಿಳು ಅನುವಾದ ನಡೆಸಿದ ವಿದ್ವಾಂಸರು. ಅಂಥ ಮನೆಯ ಅಳಿಯನಾದವರಿಗೆ ಈ ನಾಡಿನ ಜನ ಮತ್ತು ಅವರ ನುಡಿ ಕೇವಲ ಸರ್ವೆಯ ಅಡಚಣೆಗಳಾಗಿ ಕಂಡಿರಲಾರವೆಂದು ನಾನು ಊಹಿಸುತ್ತೇನೆ.

ಅವರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿದ ದಿನ 1863ರ ಮೇ 30. ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ ಸೈನ್ಯದ ಕವಾಯತು ಮೈದಾನದ ಬಳಿ ಜಂಬಿಟ್ಟಿಗೆಯ ಗರಸನ್ನು ಅಗೆದಿದ್ದ ಒಂದು ಗುಂಡಿಯಲ್ಲಿ ಅವರ ಕಣ್ಣಿಗೆ ಒಂದು ಕಲ್ಲು ಬಿದ್ದಿತು. ಅದರ ಚಕ್ಕೆಗಳು ಎದ್ದ ರೀತಿ ನೀರಿನ ಹೊಡೆತದಿಂದ ಆದದ್ದಲ್ಲ, ಬಿಸಿಲಿನ ಕಾವಿನಿಂದ ಆದದ್ದೂ ಅಲ್ಲ; ಮನುಷ್ಯನ ಕೈಯೇ ಎರಡೂ ಬದಿಯಿಂದ ತಟ್ಟಿ ರೂಪಿಸಿದ ಆಯುಧವದು. ಇದರ ಹಿನ್ನೆಲೆಯನ್ನು ಸ್ವಲ್ಪ ನೆನೆಯಬೇಕು. ಫ್ರಾನ್ಸಿನ ಸೊಮ್ ನದಿಯ ಕಣಿವೆಯಲ್ಲಿ ನಷ್ಟವಂಶವಾದ ಪ್ರಾಣಿಗಳ ಎಲುಬುಗಳ ಜೊತೆಯಲ್ಲಿಯೇ ದೊರೆತ ಕಲ್ಲಿನ ಆಯುಧಗಳು ಮಾನವನ ಕೃತಿಗಳೇ ಎಂಬ ಮಾತನ್ನು ಯುರೋಪಿನ ವಿದ್ವಾಂಸರು ಒಪ್ಪಿಕೊಂಡದ್ದು 1859ರಲ್ಲಿ. ಆ ವಿಷಯವನ್ನು ವಿವರಿಸಿದ ಚಾರ್ಲ್ಸ್ ಲಯಲ್ ಅವರ ಗ್ರಂಥ ಹೊರಬಂದದ್ದು 1863ರಲ್ಲಿಯೇ. ಸುದ್ದಿ ಹಡಗಿನಲ್ಲಿ ಬಂದು ಇನ್ನೂ ಹಳತಾಗಿರಲಿಲ್ಲ. ಅಷ್ಟರಲ್ಲಿ ಇಪ್ಪತ್ತೆಂಟು ವರ್ಷದ ಒಬ್ಬ ಅಧಿಕಾರಿ ಭಾರತದ ಗರಸಿನಲ್ಲಿ ಅದೇ ಬಗೆಯ ಕಲ್ಲನ್ನು ಗುರುತಿಸಿದನು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರ ಜೊತೆಯಲ್ಲಿ ಕೊಸಸ್ತಲೈ ನದಿಯ ಕಣಿವೆಯ ಅತ್ತಿರಂಪಾಕ್ಕಂನಲ್ಲಿ ಇಂಥವೇ ಹೇರಳವಾಗಿ ದೊರೆತವು. ಆ ಸ್ಥಳದ ಅತಿ ಕೆಳಗಿನ ಪದರಗಳ ಆಯುಧಗಳಿಗೆ ಸುಮಾರು 15 ಲಕ್ಷ ವರ್ಷಗಳ ವಯಸ್ಸೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಫೂಟರ ಕೈಯಲ್ಲಿ ಇಂಥ ಅಳತೆಗೋಲು ಯಾವುದೂ ಇರಲಿಲ್ಲ. ಗರಸಿನ ಪದರ ನದಿಯ ಈಗಿನ ಪಾತ್ರಕ್ಕಿಂತ ಎಷ್ಟು ಮೇಲಿದೆ, ಆಯುಧದ ಅಂಚು ಎಷ್ಟು ಸವೆದಿದೆ, ಇಷ್ಟೇ ಅವರಿಗಿದ್ದ ಸಾಕ್ಷ್ಯ. ಎಗ್ಮೋರಿನ ಸಂಗ್ರಹಾಲಯದಲ್ಲಿ ಅವರ ಸಂಗ್ರಹದ ಆಯುಧಗಳನ್ನು ನಾನು ನೋಡಿದ್ದೇನೆ. ಅಂಗೈಯಗಲದ, ಬಾದಾಮಿಯಾಕಾರದ ಕಂದು ಕಲ್ಲುಗಳು. ಹೊಲದ ಬದುವಿನಲ್ಲಿ ಬಿದ್ದಿದ್ದರೆ ನಾವು ಹತ್ತು ಮಂದಿಯಲ್ಲಿ ಹತ್ತು ಮಂದಿಯೂ ದಾಟಿ ಹೋಗುವಂಥವು.

ಇಲ್ಲಿ ಪಲ್ಲಾವರಂನ ಇನ್ನೊಂದು ಕಲ್ಲಿನ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಏಕೆಂದರೆ ಅದು ನಾನಿರುವ ಹಲಗೂರಿನ ಕಲ್ಲೂ ಹೌದು. ಕಲ್ಕತ್ತೆಯಲ್ಲಿ ಜಾಬ್ ಚಾರ್ನಾಕನ ಸಮಾಧಿಯ ಮೇಲಿರುವ ಕಪ್ಪು ಚಪ್ಪಡಿ ಪಲ್ಲಾವರಂ ಕಡೆಯಿಂದ ಹೋದದ್ದು. ಥಾಮಸ್ ಹಾಲೆಂಡ್ ಎಂಬ ಭೂಗರ್ಭಶಾಸ್ತ್ರಜ್ಞರು 1893ರಲ್ಲಿ ಆ ಶಿಲೆಗೆ ಚಾರ್ನೋಕೈಟ್ ಎಂಬ ಹೆಸರನ್ನು ಕೊಟ್ಟರು. ಹಲಗೂರಿನಿಂದ ಕನಕಪುರದ ಕಡೆ ಹೊರಟರೆ ಸಾತನೂರು ಸಿಗುತ್ತದೆ. ಅಲ್ಲಿಗೆ ಹತ್ತಿರದಲ್ಲಿಯೇ ಕಬ್ಬಾಳದುರ್ಗ. ಕಬ್ಬಾಳಮ್ಮನ ದರ್ಶನಕ್ಕೆ ಹೋಗುವ ನಮ್ಮ ಕಡೆಯ ಸಹಸ್ರಾರು ಭಕ್ತರಲ್ಲಿ ಬೆಟ್ಟದ ಬುಡದ ಕಲ್ಲುಗಣಿಯನ್ನು ನೋಡಿದವರು ವಿರಳ. ಬೂದು ಬಣ್ಣದ ಪಟ್ಟೆ ಪಟ್ಟೆಯ ಕಲ್ಲಿನ ನಡುವೆ ಎಣ್ಣೆ ಸುರಿದಂತೆ ಹಸುರುಗಪ್ಪು ಮಚ್ಚೆಗಳು ಅಲ್ಲಿ ಹರಡಿವೆ. ಆ ಪಟ್ಟೆಗಲ್ಲಿಗೆ ನೈಸ್ ಎಂದು ಹೆಸರು, ಮಚ್ಚೆಗಳು ಚಾರ್ನೋಕೈಟ್. ಒಂದು ಶಿಲೆ ಇನ್ನೊಂದಾಗಿ ಮಾರ್ಪಡುತ್ತಿದ್ದ ಕ್ರಿಯೆ ನಡುವೆಯೇ ನಿಂತುಹೋಗಿ ನಮ್ಮ ಕಣ್ಣಿಗೆ ಉಳಿದಿರುವ ಸ್ಥಳವದು ಎಂದು ಸಿ. ಎಸ್. ಪಿಚ್ಚಮುತ್ತು ಅವರು 1960ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. 1969ರಲ್ಲಿ ಟಿ. ಸಿ. ದೇವರಾಜು ಮತ್ತು ಎಂ. ಎಸ್. ಸದಾಶಿವಯ್ಯ ಅವರು ಸಾತನೂರು-ಹಲಗೂರು ಪ್ರದೇಶದ ಚಾರ್ನೋಕೈಟುಗಳನ್ನು ಕುರಿತು ಪ್ರಬಂಧ ಪ್ರಕಟಿಸಿದರು. 1979ರಲ್ಲಿ ಎ. ಎಸ್. ಜನಾರ್ದನ್ ಮತ್ತು ಅವರ ಸಹಚರರು ಈ ಮಾರ್ಪಾಡಿನ ಕಾರಣವನ್ನು ವಿವರಿಸಿದರು: ಆಳದಲ್ಲಿ, ತೀವ್ರ ಶಾಖದಲ್ಲಿ, ಶಿಲೆಯೊಳಗಿನ ನೀರಿನಂಶ ಕುಗ್ಗಿದಾಗ ಇದು ಸಂಭವಿಸುತ್ತದೆ. ಸುಮಾರು 250 ಕೋಟಿ ವರ್ಷಗಳ ಹಿಂದಿನ ಸಂಗತಿ.

ಫೂಟರ ಕಥೆಯ ನಡುವೆ ಇದನ್ನು ತಂದದ್ದಕ್ಕೆ ಕಾರಣವಿದೆ. ಇಂಗ್ಲೆಂಡಿನ ನೆಲದಲ್ಲಿ ಪದರಗಳ ವಯಸ್ಸನ್ನು ಹೇಳುವುದು ಶಂಖ, ಚಿಪ್ಪು, ಮೀನುಗಳ ಅವಶೇಷಗಳು. ಯಾವ ಪದರದಲ್ಲಿ ಯಾವ ಜೀವಿ ಎಂಬುದನ್ನು ಅರಿತರೆ ಪುಸ್ತಕದ ಪುಟಸಂಖ್ಯೆಯನ್ನು ಓದಿದಂತೆ ಓದಬಹುದು. ನಮ್ಮ ಕನ್ನಡ ನಾಡಿನ ಬಹುಭಾಗದ ಶಿಲೆಗಳಲ್ಲಿ ಅಂಥ ಪುಟಸಂಖ್ಯೆಗಳಿಲ್ಲ. ಇವು ಚಿಪ್ಪುಗಳನ್ನೂ ಎಲುಬುಗಳನ್ನೂ ಉಳಿಸುವ ಜೀವಿಗಳು ಭೂಮಿಯ ಮೇಲೆ ಹುಟ್ಟುವುದಕ್ಕೆ ಎಷ್ಟೋ ಮೊದಲಿನವು. ಅಲ್ಲದೆ ಬೆಂದು, ಹಿಂಡಿ, ಮಡಚಿ, ಕಬ್ಬಾಳದಲ್ಲಿ ಕಾಣುವಂತೆ ರೂಪವನ್ನೇ ಬದಲಾಯಿಸಿಕೊಂಡವು. ಇವುಗಳಲ್ಲಿ ಯಾವುದು ಹಿರಿದು, ಯಾವುದು ಕಿರಿದು? ಈ ಪ್ರಶ್ನೆಗೆ ಬರಿಗಣ್ಣು, ಬರಿಗಾಲುಗಳಿಂದ ಉತ್ತರ ಹುಡುಕಲು ಹೊರಟದ್ದು ಫೂಟರ ಜೀವನದ ದೊಡ್ಡ ಸಾಹಸ. ಕೈಗೊಡಲಿಯ ಕೀರ್ತಿ ಅದನ್ನು ಸ್ವಲ್ಪ ಮರೆಮಾಡಿದೆ.

1860ರ ದಶಕದ ಕೊನೆಯ ಹೊತ್ತಿಗೆ ಅವರ ಸಂಚಾರ ದಕ್ಷಿಣ ಮರಾಠಾ ಪ್ರಾಂತವೆಂದು ಆಗ ಕರೆಯುತ್ತಿದ್ದ ಸೀಮೆಗೆ ತಿರುಗಿತು. ಹೆಸರು ಮರಾಠಾ ಎಂದಿದ್ದರೂ ಅದರ ಬಹುಭಾಗ ನಮ್ಮ ಬೆಳಗಾವಿ, ಧಾರವಾಡ, ಕಲಾದಗಿಗಳೇ. ಘಟಪ್ರಭೆ, ಮಲಪ್ರಭೆಗಳ ದಂಡೆಯುದ್ದಕ್ಕೂ ಅವರು ನಡೆದರು. ಬಾದಾಮಿಯ ಗುಹೆಗಳನ್ನು ಕೊರೆದ ಕೆಂಪು ಮರಳುಗಲ್ಲು, ಅದರ ನೆರೆಯ ಸುಣ್ಣಗಲ್ಲು ಇವೆಲ್ಲ ಒಂದೇ ಕುಟುಂಬವೆಂದು ಕಂಡು ಅದಕ್ಕೆ ಕಲಾದಗಿ ಶ್ರೇಣಿ ಎಂದು ಹೆಸರಿಟ್ಟರು. ಕಲಾದಗಿ ಆಗ ಜಿಲ್ಲೆಯ ಮುಖ್ಯ ಪಟ್ಟಣ. ಈಗ ಅದು ಒಂದು ಸಾಧಾರಣ ಊರು. ಕಲೆಕ್ಟರ ಕಚೇರಿ ಊರನ್ನು ಬಿಟ್ಟುಹೋದರೂ ಭೂಗರ್ಭಶಾಸ್ತ್ರದಲ್ಲಿ ಅದರ ಹೆಸರು ಬಿಡಲಿಲ್ಲ. ಈ ಎಲ್ಲವನ್ನೂ ಒಳಗೊಂಡ ಅವರ ಬೃಹತ್ ವರದಿ 1876ರಲ್ಲಿ ಅಚ್ಚಾಯಿತು. ಅದಕ್ಕೆ ಎರಡು ವರ್ಷ ಮುಂಚೆ, ಗೋಕಾಕದ ಬಳಿ ಹಳ್ಳವೊಂದರ ದಂಡೆಯ ಮಣ್ಣಿನಲ್ಲಿ ದೊರೆತ ಖಡ್ಗಮೃಗವೊಂದರ ಅವಶೇಷಗಳನ್ನು ಅವರು ವಿವರಿಸಿದ್ದರು. ನಷ್ಟವಾಗಿಹೋದ ಒಂದು ಜಾತಿಯದೆಂದು ನಿರ್ಣಯಿಸಿ ಅದಕ್ಕೆ ದಖ್ಖನಿನ ಹೆಸರನ್ನೇ ಇಟ್ಟರು. ಜೋಳದ ಹೊಲಗಳ ಗೋಕಾಕದಲ್ಲಿ ಒಂದು ಕಾಲಕ್ಕೆ ಖಡ್ಗಮೃಗ ಮೇಯುವಷ್ಟು ಹುಲ್ಲೂ ನೀರೂ ಇದ್ದಿತೆಂಬುದನ್ನು ಯೋಚಿಸಿದರೆ ಯಾವ ಪುರಾಣವೂ ಅತಿಶಯೋಕ್ತಿಯೆಂದು ತೋರುವುದಿಲ್ಲ.

ಈ ಸಂಚಾರಗಳಲ್ಲಿ ಅವರ ಗಮನವನ್ನು ಹೆಚ್ಚು ಹೆಚ್ಚಾಗಿ ಸೆಳೆದದ್ದು ಇನ್ನೊಂದು ಬಗೆಯ ಶಿಲೆ. ಬೂದು ನೈಸ್ ಶಿಲೆಯ ವಿಶಾಲ ಬಯಲಿನ ನಡುವೆ ಕಪ್ಪು, ಹಸುರು ಬಣ್ಣದ ಪದರುಶಿಲೆಗಳು ಕಿರಿದಾದ ಉದ್ದನೆಯ ಪಟ್ಟಿಗಳಾಗಿ ಸುಮಾರಾಗಿ ಉತ್ತರ-ದಕ್ಷಿಣವಾಗಿ ಹಾಯ್ದಿವೆ. ಗದಗಿನ ಬಳಿಯ ಕಪ್ಪತಗುಡ್ಡ ಅಂಥ ಒಂದು ಪಟ್ಟಿ, ಸಂಡೂರಿನ ಬೆಟ್ಟಸಾಲು ಇನ್ನೊಂದು, ಕೋಲಾರದ್ದು ಮತ್ತೊಂದು. ಈ ಪಟ್ಟಿಗಳನ್ನು ಬಿಡಿಬಿಡಿಯಾಗಿ ಕಾಣುವುದು ಸುಲಭ. ಫೂಟರು ಅವನ್ನು ಒಂದೇ ಹಾಸಿನ ತುಣುಕುಗಳೆಂದು ಕಂಡರು. ನೆಲದ ಮೇಲೆ ಹಾಸಿದ ಜಮಖಾನವನ್ನು ಎರಡು ಕಡೆಯಿಂದ ಒತ್ತಿದರೆ ಅದು ನೆರಿಗೆ ನೆರಿಗೆಯಾಗುತ್ತದೆ. ಮೇಲೆದ್ದ ನೆರಿಗೆಗಳನ್ನು ಕತ್ತರಿಸಿ ತೆಗೆದರೆ ತಗ್ಗಿನಲ್ಲಿ ಕುಳಿತ ಭಾಗಗಳು ಮಾತ್ರ ಉದ್ದುದ್ದ ಪಟ್ಟಿಗಳಾಗಿ ಉಳಿಯುತ್ತವೆ. ಕೋಟ್ಯಂತರ ವರ್ಷಗಳ ಮಳೆ ಗಾಳಿಗಳು ಆ ಕತ್ತರಿಯ ಕೆಲಸವನ್ನು ಮಾಡಿವೆ. ಪಟ್ಟಿಗಳ ಅಂಚಿನಲ್ಲಿ ಹಲವು ಕಡೆ ಉಂಡೆಗಲ್ಲಿನ ಶಿಲೆ ಕಾಣುತ್ತದೆ. ಪಾಕದಲ್ಲಿ ಕೂಡಿಸಿದ ಕಡಲೆಯಂತೆ ಉರುಟಾದ ಹರಳುಗಳು ಒಂದಕ್ಕೊಂದು ಅಂಟಿರುತ್ತವೆ. ಹರಳು ಉರುಟಾಗಬೇಕಾದರೆ ನೀರು ಹರಿದಿರಬೇಕು. ನೀರು ಹರಿಯಬೇಕಾದರೆ ಕೆಳಗೆ ನೆಲವೊಂದು ಮೊದಲೇ ಇದ್ದಿರಬೇಕು. ಆ ನೆಲವೇ ನೈಸ್. ಆದ್ದರಿಂದ ನೈಸ್ ಹಿರಿಯದು, ಪದರುಶಿಲೆಗಳು ಕಿರಿಯವು, ಎರಡರ ನಡುವೆ ದೀರ್ಘ ಕಾಲದ ಅಂತರವೊಂದು ಕಳೆದಿದೆ ಎಂದು ಫೂಟರು ತೀರ್ಮಾನಿಸಿದರು. 1880ರ ದಶಕದಲ್ಲಿ ಈ ಪದರುಶಿಲೆಗಳ ಸಮುದಾಯಕ್ಕೆ ಅವರು ಕೊಟ್ಟ ಹೆಸರೇ ಧಾರವಾಡ ವ್ಯವಸ್ಥೆ.

ದಕ್ಷಿಣ ಭಾರತದ ಚಿನ್ನವೆಲ್ಲ ಮುಖ್ಯವಾಗಿ ಈ ಧಾರವಾಡ ಶಿಲೆಗಳಲ್ಲಿಯೇ ಇದೆಯೆಂದು 1888ರಲ್ಲಿ ಅವರು ಪ್ರತಿಪಾದಿಸಿದ್ದು ವ್ಯಾಪಾರಿಗಳಿಗೂ ಮುಖ್ಯವಾದ ಸುದ್ದಿ. ಕಪ್ಪತಗುಡ್ಡದ ಚಿನ್ನವನ್ನು ಕುರಿತು ಅವರು 1874ರಷ್ಟು ಹಿಂದೆಯೇ ಬರೆದಿದ್ದರು. ಆ ಬೆಟ್ಟದ ಹಳ್ಳಗಳ ಮರಳನ್ನು ಮಳೆಗಾಲದ ನಂತರ ಮರದ ಮರಿಗೆಗಳಲ್ಲಿ ತೊಳೆದು ಚಿನ್ನದ ಕಣಗಳನ್ನು ಆರಿಸುತ್ತಿದ್ದ ಜನರಿಗೆ ಜಲಗಾರರೆಂದು ಹೆಸರು. ಇಲ್ಲಿ ಭಾಷೆಯ ಅಧ್ಯಾಪಕನಾಗಿ ಒಂದು ಮಾತು: ಕುವೆಂಪು ಅವರ ನಾಟಕದಿಂದಾಗಿ ಜಲಗಾರ ಎಂದರೆ ಬೀದಿ ಗುಡಿಸುವವನೆಂದಷ್ಟೇ ನಮ್ಮ ಮಕ್ಕಳು ತಿಳಿದಿದ್ದಾರೆ. ಧೂಳನ್ನೂ ಮರಳನ್ನೂ ಜಾಲಿಸಿ ಹೊನ್ನನ್ನು ತೆಗೆಯುವವನೆಂಬ ಅರ್ಥವೂ ಆ ಮಾತಿಗಿದೆ. ಭೂಗರ್ಭಶಾಸ್ತ್ರಜ್ಞನ ಸುತ್ತಿಗೆ ಬರುವ ಮೊದಲು ಚಿನ್ನದ ಜಾಡನ್ನು ಹಿಡಿದವರು ಇವರೇ. ಅವರಿಗೂ ಹಿಂದಿನ ಯಾವುದೋ ಕಾಲದವರು ತೋಡಿ ಬಿಟ್ಟ ಗುಂಡಿಗಳು ಹಟ್ಟಿಯಲ್ಲಿಯೂ ಕೋಲಾರದಲ್ಲಿಯೂ ಇದ್ದವು. ಹೊಸ ಗಣಿಗಳು ಎದ್ದದ್ದು ಬಹಳ ಮಟ್ಟಿಗೆ ಆ ಹಳೆಯ ಗುಂಡಿಗಳ ಆಧಾರದಿಂದಲೇ. ಫೂಟರು ಮಾಡಿದ್ದೇನೆಂದರೆ, ಆ ಗುಂಡಿಗಳು ಅಲ್ಲಿಯೇ ಏಕಿವೆ, ಪಕ್ಕದ ನೈಸ್ ಬಯಲಿನಲ್ಲಿ ಏಕಿಲ್ಲ ಎಂಬುದಕ್ಕೆ ಶಾಸ್ತ್ರೀಯವಾದ ಕಾರಣವನ್ನು ಕೊಟ್ಟದ್ದು.

ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗುಹೆಗಳನ್ನು ಅವರು ತಮ್ಮ ಮಗ ಹೆನ್ರಿಯ ನೆರವಿನಿಂದ 1880ರ ದಶಕದ ನಡುವೆ ಅಗೆಸಿದ ಸಂಗತಿಯನ್ನು ಇಲ್ಲಿ ಸೂಚಿಸಿ ಮುಂದುವರಿಯುತ್ತೇನೆ. ನನಗೆ ಅವರ ಬುದ್ಧಿಶಕ್ತಿ ಹೆಚ್ಚು ಸ್ಪಷ್ಟವಾಗಿ ಕಾಣುವುದು ಬಳ್ಳಾರಿಯಲ್ಲಿ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ, ಕುಡತಿನಿಯ ಹತ್ತಿರ, ಬೂದಿಯ ದೊಡ್ಡ ದಿಬ್ಬವೊಂದಿದೆ. ಭೀಮಸೇನನು ಹಿಡಿಂಬಾಸುರನನ್ನು ಕೊಂದು ಸುಟ್ಟ ಬೂದಿಯಿದು ಎಂದು ಜನರ ನಂಬಿಕೆ. ಅಂಥ ದಿಬ್ಬಗಳು ಆ ಸೀಮೆಯಲ್ಲಿ ಹಲವು ಇವೆ. ಕ್ಯಾಪ್ಟನ್ ನ್ಯೂಬೋಲ್ಡ್ ಎಂಬುವರು ಫೂಟರಿಗಿಂತ ಮೊದಲೇ ಇವುಗಳ ಬಗೆಗೆ ಬರೆದಿದ್ದರು. ಜ್ವಾಲಾಮುಖಿಯ ಕಿಟ್ಟವೆಂದು ಕೆಲವರು, ಕಬ್ಬಿಣ ಕರಗಿಸಿದ ಕುಲುಮೆಯ ಕಸವೆಂದು ಕೆಲವರು, ಯುದ್ಧದಲ್ಲಿ ಮಡಿದವರ ಸಾಮೂಹಿಕ ದಹನವೆಂದು ಇನ್ನು ಕೆಲವರು ವಾದಿಸುತ್ತಿದ್ದ ಕಾಲವದು. ಫೂಟರು ದಿಬ್ಬದ ಸುತ್ತ ನುಣುಪುಗೊಳಿಸಿದ ಕಲ್ಲಿನ ಕೊಡಲಿಗಳನ್ನೂ ಮಡಕೆಯ ಚೂರುಗಳನ್ನೂ ದನದ ಎಲುಬುಗಳನ್ನೂ ಕಂಡರು. ಗಾಜಿನಂತೆ ಕರಗಿ ಗಟ್ಟಿಯಾಗಿದ್ದ ಆ ವಸ್ತು ಸುಟ್ಟ ಸಗಣಿಯಲ್ಲದೆ ಬೇರೇನೂ ಅಲ್ಲ, ಲೋಹವನ್ನು ಅರಿಯದ ನವಶಿಲಾಯುಗದ ದನಗಾಹಿಗಳು ತಮ್ಮ ದೊಡ್ಡಿಗಳಲ್ಲಿ ಒಟ್ಟಿದ ಗೊಬ್ಬರ ಉರಿದು ಈ ದಿಬ್ಬಗಳಾದವು ಎಂದು ಅವರು ಅಭಿಪ್ರಾಯಪಟ್ಟರು. ಹಿಡಿಂಬನ ಬೂದಿಯಷ್ಟು ಭವ್ಯವಾದ ಕಥೆಯನ್ನು ಸಗಣಿಯ ಬೂದಿಗೆ ಇಳಿಸಿದ ಈ ವಿವರಣೆ ಎಲ್ಲರ ಮನಸ್ಸಿಗೂ ಒಡನೆ ಹಿಡಿಯಲಿಲ್ಲ. 1957ರಲ್ಲಿ ರೇಮಂಡ್ ಆಲ್ಚಿನ್ ಅವರು ರಾಯಚೂರಿಗೆ ಆಚೆಯ ಉಟ್ನೂರಿನಲ್ಲಿ ಇಂಥದೇ ದಿಬ್ಬವನ್ನು ಅಗೆದಾಗ, ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳು ಅಚ್ಚೊತ್ತಿದಂತೆ ಉಳಿದಿದ್ದವು. ದೊಡ್ಡಿಯ ಬೇಲಿಯ ಗೂಟಗಳ ಕುಳಿಗಳೂ ಇದ್ದವು. ಫೂಟರು ತೀರಿಹೋಗಿ ಆಗ ನಲವತ್ತೈದು ವರ್ಷ.

ಸಂಡೂರಿನ ಬೆಟ್ಟಗಳಲ್ಲಿರುವ ಕಬ್ಬಿಣದ ಅದಿರಿನ ಅಪಾರತೆಯನ್ನು ಕಂಡು ವರದಿ ಮಾಡಿದವರೂ ಅವರೇ. ಬಳ್ಳಾರಿ ಜಿಲ್ಲೆಯ ಭೂಗರ್ಭವನ್ನು ಕುರಿತ ಅವರ ಗ್ರಂಥ 1895ರಲ್ಲಿ ಪ್ರಕಟವಾಯಿತು. ಆ ಅದಿರಿನಿಂದ ಮುಂದಿನ ಶತಮಾನದಲ್ಲಿ ಆ ನೆಲಕ್ಕೆ ಬಂದ ಭಾಗ್ಯವೂ ದೌರ್ಭಾಗ್ಯವೂ ಬೇರೆ ಲೇಖನದ ವಸ್ತು.

ಎಲ್ಲದರಲ್ಲಿಯೂ ಅವರ ಮಾತೇ ನಿಂತಿತೆಂದು ನಾನು ಹೇಳಹೊರಟಿಲ್ಲ. ಹಳೆಯ ಶಿಲಾಯುಗದ ಮಾನವನಿಗೂ ಹೊಸ ಶಿಲಾಯುಗದ ಮಾನವನಿಗೂ ನಡುವೆ ಭಾರತದಲ್ಲಿ ದೀರ್ಘವಾದ ಶೂನ್ಯಕಾಲವೊಂದು ಇತ್ತೆಂದು ಅವರು ಭಾವಿಸಿದ್ದರು. ಗುಜರಾತಿನ ಸಾಬರಮತಿಯ ದಂಡೆಯಲ್ಲಿ ಎರಡು ಕಾಲದ ಆಯುಧಗಳ ನಡುವೆ ಕಂಡ ಮಣ್ಣಿನ ದಪ್ಪ ಪದರ ಅವರಿಗೆ ಆ ಭಾವನೆಯನ್ನು ತಂದಿತು. ಮುಂದಿನ ಸಂಶೋಧಕರು ಆ ಶೂನ್ಯವನ್ನು ಮಧ್ಯ ಶಿಲಾಯುಗದ ಸಣ್ಣ ಸಣ್ಣ ಆಯುಧಗಳಿಂದ ತುಂಬಿದರು. ಅವರ ಸಂಗ್ರಹಣೆಯ ಕ್ರಮವನ್ನೂ ಇಂದಿನ ಪ್ರಾಕ್ತನಶಾಸ್ತ್ರ ಒಪ್ಪದು: ಬಹುಮಟ್ಟಿಗೆ ನೆಲದ ಮೇಲೆ ಬಿದ್ದದ್ದನ್ನು ಆರಿಸಿಕೊಂಡದ್ದು, ಚೆನ್ನಾಗಿರುವುದನ್ನು ಇಟ್ಟುಕೊಂಡದ್ದು. ಆದರೂ ಪ್ರತಿಯೊಂದು ಕಲ್ಲು ಯಾವ ಊರಿನ ಯಾವ ಗುಡ್ಡದಿಂದ ಬಂದಿತೆಂದು ಗುರುತು ಹಾಕಿಟ್ಟ ಅವರ ಶಿಸ್ತು ಆ ಕಾಲಕ್ಕೆ ಅಪರೂಪದ್ದು. ನಾನೂರಕ್ಕೂ ಮೇಲ್ಪಟ್ಟ ಸ್ಥಳಗಳ ಹೆಸರು ಅವರ ಪಟ್ಟಿಯಲ್ಲಿವೆ. ಅವರ ನಂತರ ಬಂದವರು ಆ ಪಟ್ಟಿಯನ್ನು ಹಿಡಿದೇ ಊರೂರಿಗೆ ಹೋಗಿದ್ದಾರೆ.

1891ರಲ್ಲಿ ಅವರು ಸರ್ವೆ ಇಲಾಖೆಯಿಂದ ನಿವೃತ್ತರಾದರು. ನಿವೃತ್ತಿಯ ನಂತರ ಊರಿಗೆ ಮರಳಿ ಹೋಗುವುದು ಇಂಗ್ಲಿಷ್ ಅಧಿಕಾರಿಗಳ ವಾಡಿಕೆ. ಫೂಟರು ಹೋಗಲಿಲ್ಲ. ಬರೋಡಾ ಸಂಸ್ಥಾನದ ಭೂಗರ್ಭ ಸಮೀಕ್ಷೆಯನ್ನು ನಡೆಸಿಕೊಟ್ಟರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂಗರ್ಭ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮೊದಲ ಹೊಣೆಯನ್ನು ಹೊತ್ತರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದ ಕಾಲವದು. ಕೋಲಾರದ ಚಿನ್ನ ಸಂಸ್ಥಾನದ ಬೊಕ್ಕಸವನ್ನು ತುಂಬತೊಡಗಿತ್ತು. ಸೇಲಂ ಸಮೀಪದ ಶೆವರಾಯ್ ಬೆಟ್ಟದ ಏರ್ಕಾಡಿನಲ್ಲಿ ಅವರು ಮನೆಮಾಡಿದರು. ಆ ಬೆಟ್ಟದ ಜನ ಹಳೆಯ ಕಲ್ಲಿನ ಕೊಡಲಿಗಳನ್ನು ಗುಡಿಗಳಲ್ಲಿಟ್ಟು ಪೂಜಿಸುತ್ತಿದ್ದುದನ್ನು ಅವರು ಗಮನಿಸಿದ್ದರು. 1904ರಲ್ಲಿ ಅವರ ಸಂಗ್ರಹವೆಲ್ಲ ಮದರಾಸಿನ ಸರ್ಕಾರಿ ಸಂಗ್ರಹಾಲಯಕ್ಕೆ ಸೇರಿತು. ಅದನ್ನು ಸರ್ಕಾರ ಹಣ ಕೊಟ್ಟು ಕೊಂಡದ್ದನ್ನು ಕೆಲವರು ಆಕ್ಷೇಪಿಸಬಹುದು. ಅಂದಿನ ಎಷ್ಟೋ ಸಾಹೇಬರು ಇಂಥ ವಸ್ತುಗಳನ್ನು ಹಡಗಿನಲ್ಲಿ ಲಂಡನ್ನಿಗೆ ಸಾಗಿಸಿದರೆಂಬುದನ್ನು ನೆನೆದರೆ, ಈ ನೆಲದ ಕಲ್ಲುಗಳು ಈ ನೆಲದಲ್ಲಿಯೇ ಉಳಿದವಲ್ಲ ಎಂಬ ಸಮಾಧಾನವೇ ನನಗೆ ಹೆಚ್ಚು. ಆ ಸಂಗ್ರಹದ ವಿವರಪಟ್ಟಿಯನ್ನು ಬರೆಯುವುದರಲ್ಲಿ ಅವರ ಕೊನೆಯ ವರ್ಷಗಳು ಕಳೆದವು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರು ತೀರಿಕೊಂಡರು. ಪಟ್ಟಿಯ ಎರಡು ಸಂಪುಟಗಳು 1914 ಮತ್ತು 1916ರಲ್ಲಿ ಹೊರಬಂದವು. ಅಚ್ಚಾದ ಪುಸ್ತಕವನ್ನು ಅವರು ನೋಡಲಿಲ್ಲ.

ಆ ಹೊತ್ತಿಗೆ ಅವರ ಧಾರವಾಡ ಸಿದ್ಧಾಂತಕ್ಕೆ ಮೈಸೂರಿನಲ್ಲಿಯೇ ಎದುರುವಾದ ಎದ್ದಿತ್ತು. 1898ರ ನಂತರ ಮೈಸೂರು ಇಲಾಖೆಯನ್ನು ಕಟ್ಟಿ ಬೆಳೆಸಿದ ಡಬ್ಲ್ಯು. ಎಫ್. ಸ್ಮೀತ್ ಅವರು ಸಂಸ್ಥಾನದ ನಕಾಶೆಯನ್ನು ಅತ್ಯಂತ ಶ್ರದ್ಧೆಯಿಂದ ರಚಿಸಿದವರು. ಪಟ್ಟಿಗಳ ಅಂಚಿನಲ್ಲಿ ನೈಸ್ ಶಿಲೆಯ ಎಳೆಗಳು ಪದರುಶಿಲೆಯೊಳಕ್ಕೆ ನುಗ್ಗಿರುವುದನ್ನು ಅವರು ಮತ್ತೆ ಮತ್ತೆ ಕಂಡರು. ನುಗ್ಗಿದ್ದು ಕಿರಿಯದು, ನುಗ್ಗಿಸಿಕೊಂಡದ್ದು ಹಿರಿಯದು ಎಂಬುದು ಶಾಸ್ತ್ರದ ಸಾಮಾನ್ಯ ನಿಯಮ. ಆದ್ದರಿಂದ ಧಾರವಾಡ ಶಿಲೆಗಳೇ ಅತ್ಯಂತ ಪ್ರಾಚೀನ; ಉಂಡೆಗಲ್ಲಿನ ಶಿಲೆಗಳು ನದಿಯಿಂದ ಆದವಲ್ಲ, ಒತ್ತಡದಲ್ಲಿ ಕಲ್ಲು ಪುಡಿಯಾಗಿ ಉರುಳಿ ಆದವು ಎಂದು ಅವರು 1916ರ ಸುಮಾರಿಗೆ ಸಾರಿದರು. ಈ ಮತ ದಶಕಗಳ ಕಾಲ ಪಾಠವಾಗಿ ನಡೆಯಿತು. ಇಲಾಖೆಯೊಳಗೇ ಬಿ. ಜಯರಾಮ್, ಪಿ. ಸಂಪತ್ ಅಯ್ಯಂಗಾರ್ ಮುಂತಾದವರು ಇವು ನೀರಿನಲ್ಲಿ ಶೇಖರವಾದ ಶಿಲೆಗಳೇ ಎಂದು ಹೇಳುತ್ತ ಬಂದರು, ಬಿ. ರಾಮರಾಯರ ಕಾಲಕ್ಕೆ ಆ ಅಂಶಕ್ಕೆ ಮನ್ನಣೆ ದೊರೆಯಿತು. ಆದರೆ ನೈಸ್ ಹಿರಿಯದೆಂಬ ಫೂಟರ ಮೂಲ ವಾದ ಮಾತ್ರ ಹಳೆಯ ಕಾಲದವರ ಅಭಿಪ್ರಾಯವೆಂಬಂತೆ ಬದಿಗೆ ಸರಿದಿತ್ತು.

ವಿಷಯ ಇತ್ಯರ್ಥವಾದದ್ದು 1970ರ ದಶಕದಲ್ಲಿ. ಜೆ. ಸ್ವಾಮಿನಾಥ್, ಎಂ. ರಾಮಕೃಷ್ಣನ್ ಮೊದಲಾದ ಭಾರತೀಯ ಭೂವಿಜ್ಞಾನಿಗಳು ದಕ್ಷಿಣ ಕರ್ನಾಟಕವನ್ನು ಮತ್ತೆ ಅಡಿಯಡಿಯಾಗಿ ಸಮೀಕ್ಷಿಸಿ, ಎಲ್ಲರೂ ಒಂದೇ ಎಂದು ತಿಳಿದಿದ್ದ ಪದರುಶಿಲೆಗಳಲ್ಲಿ ಎರಡು ತಲೆಮಾರುಗಳಿವೆಯೆಂದು ತೋರಿಸಿದರು. ಅವರ ಬೃಹತ್ ವರದಿ 1981ರಲ್ಲಿ ಪ್ರಕಟವಾಯಿತು. ಹಿರಿಯ ತಲೆಮಾರಿಗೆ ಮೈಸೂರು ಜಿಲ್ಲೆಯ ಸರಗೂರಿನ ಹೆಸರನ್ನಿಟ್ಟರು. ಅದು ನೈಸ್ ಶಿಲೆಯೊಳಗೆ ಚೂರುಚೂರಾಗಿ ಸಿಕ್ಕಿಕೊಂಡಿದೆ. ನಮ್ಮ ಹಲಗೂರು-ಸಾತನೂರಿನ ಕಡೆ ನೈಸ್ ನಡುವೆ ಕಾಣುವ ಕಬ್ಬಿಣದ ಅದಿರಿನ ಸಣ್ಣ ಸಣ್ಣ ಪಟ್ಟಿಗಳು ಇಂಥವೇ. ಸ್ಮೀತ್ ಅವರು ಕಂಡ ನುಗ್ಗುವಿಕೆ ಇಂಥ ಕಡೆಗಳಲ್ಲಿ ನಿಜವೇ ಆಗಿತ್ತು. ಕಿರಿಯ ತಲೆಮಾರು ಬಾಬಾಬುಡನ್ ಗಿರಿಗಳಲ್ಲಿಯೂ ಚಿತ್ರದುರ್ಗದಲ್ಲಿಯೂ ಇರುವಂಥದು. ಅದು ಸವೆದ ನೈಸ್ ನೆಲದ ಮೇಲೆ, ಬುಡದಲ್ಲಿ ಬೆಣಚುಕಲ್ಲಿನ ಉರುಟು ಹರಳುಗಳ ಪದರವನ್ನಿಟ್ಟುಕೊಂಡು, ಫೂಟರು ಹೇಳಿದ ರೀತಿಯಲ್ಲಿಯೇ ಕುಳಿತಿದೆ. ಅಣುಗಳ ಕ್ಷಯದಿಂದ ವಯಸ್ಸನ್ನು ಅಳೆಯುವ ವಿಧಾನವೂ ಸಾಕ್ಷಿ ನುಡಿಯಿತು. ಹಾಸನ ಜಿಲ್ಲೆಯ ಗೊರೂರಿನ ನೈಸ್ ಶಿಲೆಗೆ ಸುಮಾರು 330 ಕೋಟಿ ವರ್ಷವೆಂದು 1980ರಲ್ಲಿ ತಿಳಿದುಬಂದಿತು. ಹೇಮಾವತಿಯ ದಂಡೆಯ ಆ ಹಳ್ಳಿ ಹೀಗೆ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಪ್ರಬಂಧಗಳ ಆಚೆಯೂ ಪ್ರಸಿದ್ಧವಾಯಿತು. ಧಾರವಾಡ ಶಿಲೆಗಳ ವಯಸ್ಸು ಸುಮಾರು 290ರಿಂದ 260 ಕೋಟಿ ವರ್ಷಗಳ ನಡುವಿನದು. ಕೋಲಾರದ ವಿಷಯದಲ್ಲಿ ಮಾತ್ರ ಫೂಟರ ಲೆಕ್ಕ ಸರಿಹೋಗುವುದಿಲ್ಲ. ಅಲ್ಲಿನ ಸುಮಾರು 270 ಕೋಟಿ ವರ್ಷದ ಶಿಲೆಗಳ ಸುತ್ತಲಿನ ನೈಸ್ ಬಹುಪಾಲು ಅವಕ್ಕಿಂತ ಕಿರಿಯದು. ಚಿನ್ನವೊಂದೇ ಸಮಾನವಾಗಿದ್ದರಿಂದ ಅವರು ಕೋಲಾರವನ್ನೂ ಧಾರವಾಡಕ್ಕೆ ಸೇರಿಸಿಬಿಟ್ಟರೇನೋ.

ಏರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಅವರ ಸ್ಮಾರಕವಿದೆ. ಕಲಾದಗಿಯಲ್ಲಿಯೋ ಧಾರವಾಡದಲ್ಲಿಯೋ ಅವರ ಹೆಸರಿನ ರಸ್ತೆಯೊಂದು ಇದ್ದುದನ್ನು ನಾನು ಕಂಡಿಲ್ಲ. ಆದರೆ ಕನ್ಯಾಕುಮಾರಿಯ ಕಡೆಗೆ ಇಳಿಯುವ ಈ ಪ್ರಸ್ಥಭೂಮಿಯಲ್ಲಿ ಕೃಷ್ಣೆಯ ಸೀಮೆಯಿಂದ ಕಾವೇರಿಯ ಸೀಮೆಯವರೆಗಿನ ಪುರಾತನ ಶಿಲಾಪೀಠಕ್ಕೆ ಇಂದು ಜಗತ್ತಿನ ಎಲ್ಲ ವಿಜ್ಞಾನಪತ್ರಿಕೆಗಳೂ ಧಾರವಾಡದ ಹೆಸರನ್ನೇ ಹಿಡಿದು ಬರೆಯುತ್ತವೆ. ಆಸ್ಟ್ರೇಲಿಯದ, ಆಫ್ರಿಕದ ಅಷ್ಟೇ ಹಳೆಯ ಶಿಲೆಗಳೊಡನೆ ಅದನ್ನು ಹೋಲಿಸುತ್ತಾರೆ. ಬೇಂದ್ರೆಯವರ ಊರೆಂದು ನಾವು ಬಲ್ಲ ಆ ಹೆಸರನ್ನು ಅಲ್ಲಿನ ವಿದ್ವಾಂಸರು ಕಲ್ಲಿನ ಹೆಸರೆಂದೇ ಬಲ್ಲರು.